ಕ್ಯಾತಮ್ಮನ ಅಲುಗದ ಕೈ

ಕ್ಯಾತಮ್ಮನ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಡಾಕ್ಟರಮ್ಮ ಕೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಕೇಳಿಸದವಳ ಹಾಗೆ ಇನ್ನೊಂದು ಹಿಡಿ ಮೊರಕ್ಕೆ ಹಾಕಿಕೊಂಡೆ. ಅವಳು ಬಿಡಲಿಲ್ಲ.

"ಓನರಮ್ಮ, ನಮ್ಮ ಆನ್‌ಲೈನ್ ಕ್ಲಾಸಿನವರೆಲ್ಲ ಕೇಳ್ತಿದ್ದಾರೆ. ವಿಡಿಯೋದಲ್ಲಿ ಕ್ಯಾಮೆರಾ ಹಿಡಿದಿರೋ ಕೈ ಯಾರದು, ಅವರ ವಿಷಯ ಹೇಳಿ ಅಂತ. ಕ್ಯಾತಮ್ಮವ್ವನಿಗೆ ಅಕ್ಷರ ಬರಲ್ಲ. ನಿಮಗೆ ಬರುತ್ತಲ್ಲ."

ಆ ಕೊನೆಯ ಮಾತಿಗೆ ಒಪ್ಪಿಕೊಂಡೆ. ಕ್ಯಾತಮ್ಮನಿಗೆ ಬಾರದೆ ನನಗೆ ಬರುವ ಕೆಲಸಗಳಲ್ಲಿ ಈಗ ಉಳಿದಿರುವುದು ಇದೊಂದೇ. ಅಕ್ಷರ ಕಲಿಸುವವರು ನಮ್ಮ ಬೀದಿಗೆ ಬಂದಾಗ ನನಗೆ ನಲವತ್ತು ದಾಟಿತ್ತು. ಮಧ್ಯಾಹ್ನ ಊಟವಾದ ಮೇಲೆ ಏಳು ತಿಂಗಳು ಹೋದೆ. ಅವಳು ಒಂದು ದಿನ ಬಂದಳು. "ನಂಗ್ ಬ್ಯಾಡ ಕಣಕ್ಕ, ನೀನ್ ಓದಿ ಹೇಳು, ಸಾಕು" ಎಂದು ಎದ್ದು ಹೋದಳು.

ಆದರೆ ನಾಲ್ಕು ಸಾಲು ಸಾಲದು. ನಡೆದದ್ದನ್ನು ನಡೆದ ಹಾಗೆ ಹೇಳಬೇಕಾದರೆ ನನ್ನ ಹೊಟ್ಟೆಕಿಚ್ಚನ್ನೂ ಬರೆಯಬೇಕು. ಅದನ್ನು ಬಿಟ್ಟರೆ ಅವಳ ಕಥೆಯಲ್ಲಿ ಅರ್ಧ ಹೋಗುತ್ತದೆ.

ಕ್ಯಾತಮ್ಮ ನನ್ನ ವಾರಗಿತ್ತಿ, ನನ್ನ ಮೈದುನ ಕಾಟಪ್ಪನ ಹೆಂಡತಿ. ಶಿರಾ ತಾಲ್ಲೂಕು ಬುಕ್ಕಾಪಟ್ಟಣದ ಕಡೆಯ ಒಂದು ಕುರಿಹಟ್ಟಿಯಲ್ಲಿ ಹುಟ್ಟಿದವಳು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೂರನೇ ವರ್ಷಕ್ಕೆ ಅವಳು ಬಂದಳು. ಈಗ ನನಗೆ ಎಪ್ಪತ್ತೆರಡು, ಅವಳಿಗೆ ಅರವತ್ತೆಂಟು. ನನಗಿಂತ ನಾಲ್ಕು ಬೆರಳು ಕುಳ್ಳು. ಎಡಗೈ ಕಿರುಬೆರಳು ಡೊಂಕು. ಚಿಕ್ಕವಳಿದ್ದಾಗ ಟಗರು ಗುದ್ದಿದ್ದು. ಮಾತು ಕಡಿಮೆ, ನಗು ಜಾಸ್ತಿ. ಅವಳಿಗೆ ಗಂಡ ಇದ್ದಾನೆ, ನನಗಿಲ್ಲ. ಇದನ್ನು ಕೊರಗಿ ಬರೆಯುತ್ತಿಲ್ಲ. ಇರುವುದನ್ನು ಬರೆಯುತ್ತಿದ್ದೇನೆ.

ಮಧುಗಿರಿಯಲ್ಲಿ ಬೆಟ್ಟದ ಬುಡದ ಬೀದಿ ನಮ್ಮದು. ಆಗ ಮನೆಯಲ್ಲಿ ಕಂಬಳಿ ನೇಯುತ್ತಿದ್ದರು. ನಡುಮನೆಯಲ್ಲಿ ಗುಂಡಿಮಗ್ಗ. ನೇಯುವವರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಆ ಕೋಣೆಗೆ ಕಿಟಕಿ ಇರಲಿಲ್ಲ, ಹಗಲಲ್ಲೂ ಲಾಂದ್ರ ಬೇಕಿತ್ತು. ನನ್ನ ಗಂಡ ಕಾಡಸಿದ್ದಪ್ಪನವರು ನೇಯುತ್ತಿದ್ದರು. ಎಳೆ ಕಡಿದರೆ ಗಂಟು ಹಾಕುವುದು, ನೇಯ್ದ ಎರಡು ಪಟ್ಟಿಗಳನ್ನು ಜೋಡಿಸಿ ನಡುವೆ ಹೊಲಿಗೆ ಹಾಕುವುದು, ಹುಣಸೆಬೀಜದ ಗಂಜಿ ಕಾಯಿಸಿ ಉದ್ದಕ್ಕೆ ಎಳೆದ ಹಾಸಿನ ದಾರಕ್ಕೆ ಹಚ್ಚುವುದು, ಇವು ನನ್ನ ಕೆಲಸ. ಗಂಜಿ ಕುಡಿದ ದಾರ ಬಿಗಿಯಾಗಿ ನಿಲ್ಲುತ್ತದೆ, ಜುಂಗು ಏಳುವುದಿಲ್ಲ, ಹಾಕಿದ ಗಂಟು ಜಾರುವುದಿಲ್ಲ. ನನ್ನ ಹೊಲಿಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬೇಕಿತ್ತು. ಇದನ್ನು ನಾನು ಹೇಳಿಕೊಂಡದ್ದಲ್ಲ, ಸಂತೆಯಲ್ಲಿ ಕೊಳ್ಳುವವರು ಹೇಳುತ್ತಿದ್ದದ್ದು.

ಲಾಂದ್ರ ಹಿಡಿಯುವುದೂ ನನ್ನ ಕೆಲಸವೇ ಆಗಿತ್ತು, ಕ್ಯಾತಮ್ಮ ಬರುವವರೆಗೆ. ಅವಳು ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಂದು ದಿನ ನನಗೆ ಜ್ವರ ಬಂದು ಅವಳು ಲಾಂದ್ರ ಹಿಡಿದಳು. ಮಾರನೆಯ ದಿನ ನಾನು ಎದ್ದು ಹೋಗಿ ಹಿಡಿದರೆ ನನ್ನ ಗಂಡ ಮಗ್ಗದಿಂದ ತಲೆ ಎತ್ತದೆ ಹೇಳಿದರು: "ನೀನು ಬುಡು ಗಂಗೂ. ನಿನ್ ಕೈಲಿ ದೀಪ ಕುಣೀತದೆ. ಕ್ಯಾತಮ್ಮನ್ ಕರಿ."

ಆ ಮಾತಿಗೆ ಈಗ ನಲವತ್ತೊಂಬತ್ತು ವರ್ಷ. ಅವರು ಅದನ್ನು ಮನಸ್ಸಿನಲ್ಲಿಟ್ಟು ಆಡಿದ್ದಲ್ಲ. ನಾನು ಇಟ್ಟುಕೊಂಡೆ.

ಅವಳು ಹೇಗೆ ಹಿಡಿಯುತ್ತಿದ್ದಳು ಎಂದು ನಾನು ಕದ್ದು ನೋಡಿದ್ದೇನೆ. ನಾನು ನೇಯುವವರ ಕೈ ಹೋದಲ್ಲಿಗೆ ದೀಪ ಒಯ್ಯುತ್ತಿದ್ದೆ. ಅವಳು ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಅವರ ಕಣ್ಣು ಎತ್ತ ಹೊರಳುತ್ತದೋ ಅತ್ತ ಬೆಳಕು ಆಗಲೇ ಹೋಗಿ ನಿಂತಿರುತ್ತಿತ್ತು. ಹಟ್ಟಿಯಲ್ಲಿ ಈಯಲಾರದ ಕುರಿಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಕೂತು ಬಂದ ಅಭ್ಯಾಸವಂತೆ. ಹಿಡಿದವಳ ಕೈ ನಡುಗಿದರೆ ಕುರಿಗೂ ಗಾಬರಿಯಾಗುತ್ತದಂತೆ.

ನನ್ನ ಗಂಡ ಹೋಗಿ ಹನ್ನೊಂದು ವರ್ಷವಾಯಿತು. ಮಗ್ಗದ ಗುಂಡಿ ಮುಚ್ಚಿ ಕಲ್ಲು ಹಾಸಿದೆವು. ಮನೆ ಎರಡು ಪಾಲಾಗಿ ನಡುವೆ ಗೋಡೆ ಬಂತು. ಮಹಡಿಯ ಕೋಣೆ ನನ್ನ ಪಾಲಿಗೆ ಬಂತು, ಹದಿನೇಳು ಮೆಟ್ಟಿಲು. ಅದನ್ನು ಬಾಡಿಗೆಗೆ ಕೊಡುತ್ತೇನೆ. ಹೋದ ವರ್ಷ ಅಲ್ಲಿಗೆ ಬಂದವಳೇ ಡಾಕ್ಟರ್ ಸ್ನೇಹಲತಾ.

ಪಾವಗಡದ ಆಚೆ ರಾಯಚರ್ಲಿನ ಹುಡುಗಿ. ಅವರ ಹೊಲವೆಲ್ಲ ಈಗ ಸೋಲಾರ್ ಹಲಗೆಯ ಅಡಿಯಲ್ಲಿದೆ. ಇಲ್ಲಿ ಕರೆಂಟು ಹೋದಾಗಲೆಲ್ಲ, "ಇಡೀ ದೇಶಕ್ಕೆ ನಮ್ಮೂರಿಂದ ಕರೆಂಟ್ ಹೋಗುತ್ತೆ, ನನ್ನ ರೂಮಿಗೆ ಮಾತ್ರ ಬರಲ್ಲ" ಎಂದು ನಗುತ್ತಾಳೆ. ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವ ಡಾಕ್ಟರು. ಹೊಟ್ಟೆಯನ್ನು ಗೇಣುದ್ದ ಕೊಯ್ದು ಮಾಡುವ ಆಪರೇಷನ್ ಅವಳಿಗೆ ಬರುತ್ತದೆ. ಆದರೆ ಈಗ ಮೂರು ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಎರಡರಲ್ಲಿ ಉದ್ದನೆಯ ಇಕ್ಕಳ ಇಳಿಸಿ, ಟಿವಿ ನೋಡಿಕೊಂಡು ಮಾಡುತ್ತಾರಂತೆ. ರೋಗಿ ಮೂರನೇ ದಿನಕ್ಕೆ ಎದ್ದು ಓಡಾಡುತ್ತಾನೆ. ಅದಕ್ಕೆ ನಮ್ಮ ಕಡೆಯವರು ತುಮಕೂರಿಗೋ ಬೆಂಗಳೂರಿಗೋ ಹೋಗಬೇಕು. ಅದನ್ನು ಇಲ್ಲೇ ಮಾಡಬೇಕೆಂಬುದು ಅವಳ ಹಟ.

ಕಲಿಯಲು ಕೆಲಸ ಬಿಟ್ಟು ಹೋಗುವ ಹಾಗಿರಲಿಲ್ಲ. ಅದಕ್ಕೆ ಆನ್‌ಲೈನ್ ಪಾಠಕ್ಕೆ ಸೇರಿದಳು. ಆರು ತಿಂಗಳು ಕಂಪ್ಯೂಟರಿನಲ್ಲೇ ಪಾಠ. ಕೊನೆಗೆ ಒಂದು ಹೊಲಿಗೆಯ ಪರೀಕ್ಷೆ. ಅದರಲ್ಲಿ ಪಾಸಾದರೆ ಮಾತ್ರ ದೊಡ್ಡ ಆಸ್ಪತ್ರೆಯಲ್ಲಿ ಹದಿನೈದು ದಿನ ನಿಜವಾದ ಆಪರೇಷನ್ ಪಕ್ಕದಲ್ಲಿ ನಿಂತು ಕಲಿಯಬಹುದು. ಪರೀಕ್ಷೆಗೆ ಮೂರು ಅವಕಾಶ. ಮೂರೂ ಹೋದರೆ ಆ ವರ್ಷದ ಪಾಠವೆಲ್ಲ ಹೋದಂತೆ.

ಶಿವರಾತ್ರಿ ಕಳೆದ ವಾರ ಕೊರಿಯರಿನಲ್ಲಿ ಒಂದು ಪೆಟ್ಟಿಗೆ ಬಂತು. ಕಪ್ಪು ಬಣ್ಣ, ಮೊಳದುದ್ದ. ಮುಚ್ಚಳಕ್ಕೆ ರಬ್ಬರು, ಅದರಲ್ಲಿ ಮೂರು ತೂತು. ಒಳಗೆ ನರದ ಹಾಗಿರುವ ರಬ್ಬರಿನ ಕೊಳವೆ, ಅದರ ನಡುವೆ ಒಂದು ಸೀಳು. ಇಕ್ಕಳಗಳನ್ನು ತೂತಿನಿಂದ ಇಳಿಸಿ, ಬಾಗಿದ ಸೂಜಿಯನ್ನು ಹಿಡಿದು, ಆ ಸೀಳನ್ನು ಹೊಲಿದು, ಒಳಗೇ ಮೂರು ಸುತ್ತಿನ ಗಂಟು ಹಾಕಬೇಕು. ಹತ್ತು ನಿಮಿಷದೊಳಗೆ. ಕೈ ನೋಡುವ ಹಾಗಿಲ್ಲ, ಪರದೆ ನೋಡಬೇಕು. ಕೈ ಎಡಕ್ಕೆ ಹೋದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ. ಇದನ್ನೆಲ್ಲ ಕ್ಯಾಮೆರಾ ಸೆರೆಹಿಡಿದು ದೂರದೂರಿನಲ್ಲಿರುವ ಮೇಷ್ಟ್ರಿಗೆ ತೋರಿಸುತ್ತದೆ. ಇಕ್ಕಳದ ತುದಿ ಎಷ್ಟು ಸಲ ನಡುಗಿತು ಎಂದು ಕಂಪ್ಯೂಟರೇ ಎಣಿಸುತ್ತದೆ.

ಕ್ಯಾಮೆರಾ ಎಂದರೆ ನಮ್ಮ ಊದುಗೊಳವೆಯಂಥದ್ದು. ನಿಜವಾದ ಆಪರೇಷನ್ನಿನಲ್ಲಿ ಅದನ್ನು ಇನ್ನೊಬ್ಬರು ಹಿಡಿಯುತ್ತಾರಂತೆ. ಹಾಗಾಗಿ ಪರೀಕ್ಷೆಯಲ್ಲೂ ಇನ್ನೊಬ್ಬರೇ ಹಿಡಿಯಬೇಕು. ಡಾಕ್ಟರಮ್ಮ ಮೊದಲು ಕೇಳಿದ್ದು ನನ್ನನ್ನು. ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ: ಮೊದಲು ನನ್ನನ್ನೇ ಕೇಳಿದ್ದು.

ಹನ್ನೆರಡು ದಿನ ಹಿಡಿದೆ. ಒಳ್ಳೆಯ ಸೀರೆ ಉಟ್ಟುಕೊಂಡು ಹತ್ತುತ್ತಿದ್ದೆ. ಆದರೆ ಅವಳು ಗಂಟು ಹಾಕುವಾಗ ನನಗೆ ಸುಮ್ಮನಿರಲು ಆಗುತ್ತಿರಲಿಲ್ಲ. "ಅಂಗಲ್ಲಮ್ಮ, ತುದೀನ ಗಿಡ್ಡಕ್ ಬುಡು, ಉದ್ದ ಆಯ್ತು" ಎನ್ನುತ್ತಿದ್ದೆ. ಅನ್ನುವಾಗ ಕೈ ಮುಂದಕ್ಕೆ ಹೋಗುತ್ತಿತ್ತು, ಪರದೆಯಲ್ಲಿ ಎಲ್ಲವೂ ಓಲಾಡುತ್ತಿತ್ತು. ಮೊದಲನೇ ಪರೀಕ್ಷೆಯ ದಿನ ಮೇಷ್ಟ್ರು ಪರದೆಯ ಮೂಲೆಯಿಂದ ಕನ್ನಡದಲ್ಲೇ ಕೇಳಿದರು.

"ಡಾಕ್ಟರ್, ಕ್ಯಾಮೆರಾ ಯಾರು ಹಿಡಿದಿದ್ದಾರೆ? ನನಗೆ ಗುಂಡಿ ಬಿದ್ದ ರೋಡಲ್ಲಿ ಬಸ್ಸಲ್ಲಿ ಕೂತ ಹಾಗಾಗ್ತಿದೆ."

ಮೊದಲನೇ ಅವಕಾಶ ಹೋಯಿತು. ಎರಡು ದಿನ ಬಿಟ್ಟು ಕ್ಯಾತಮ್ಮ ಮೇಲಕ್ಕೆ ಮಜ್ಜಿಗೆ ತಂದುಕೊಟ್ಟಳು. ಡಾಕ್ಟರಮ್ಮನ ಎರಡೂ ಕೈ ಇಕ್ಕಳದಲ್ಲಿದ್ದವು. "ಒಂಚೂರು ಇದನ್ನ ಹಿಡ್ಕೊಳ್ಳಿ" ಎಂದಳು. ಕ್ಯಾತಮ್ಮ ಚೊಂಬನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಿಡಿದಳು. ನಾನು ಬಾಗಿಲಲ್ಲಿದ್ದೆ. ಪರದೆಯ ಚಿತ್ರ ಗೋಡೆಗೆ ಮೊಳೆ ಹೊಡೆದ ಫೋಟೋದ ಹಾಗೆ ನಿಂತಿತು. ಸೂಜಿ ಸರಿದರೆ ಚಿತ್ರವೂ ಮೆಲ್ಲಗೆ ಸರಿಯಿತು. ಕ್ಯಾತಮ್ಮ ನೋಡುತ್ತಿದ್ದದ್ದು ಪರದೆಯನ್ನಲ್ಲ, ಡಾಕ್ಟರಮ್ಮನ ಕಣ್ಣನ್ನು. ನಡುನಡುವೆ ಮಾತ್ರ ಪರದೆ.

ಡಾಕ್ಟರಮ್ಮ ತಿರುಗಿ, "ಅವ್ವಾ! ನೀವು ಎಲ್ಲಿದ್ರಿ ಇಷ್ಟು ದಿನ?" ಎಂದಳು.

ಪಾವಗಡದ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತಾರೆ. ಎಂಟು ತಿಂಗಳಿಂದ ನಾನು ಓನರಮ್ಮ. ಕ್ಯಾತಮ್ಮ ಒಂದು ನಿಮಿಷಕ್ಕೆ ಅವ್ವ.

ಅಂದಿನಿಂದ ದಿನಾ ಎರಡು ಗಂಟೆಗೆ ನನ್ನ ಮೆಟ್ಟಿಲ ಮೇಲೆ ಅವಳ ಹೆಜ್ಜೆ. ಮೇಲೆ ಇಬ್ಬರೂ ನಗುವುದು ಕೆಳಗಿನವರೆಗೆ ಕೇಳಿಸುತ್ತಿತ್ತು. ನಾನು ಕಾಫಿ ಒಯ್ದು ಕೊಡುತ್ತಿದ್ದೆ, ಎರಡು ಲೋಟ. "ನಿಮಗೆ?" ಎಂದು ಡಾಕ್ಟರಮ್ಮ ಕೇಳಿದರೆ, ಕೆಳಗೆ ಕುಡಿದೆ ಎನ್ನುತ್ತಿದ್ದೆ. ಕುಡಿದಿರುತ್ತಿರಲಿಲ್ಲ.

ಗೋಡೆಯಾಚೆಯಿಂದ ಕಾಟಪ್ಪ ಕೂಗುತ್ತಿದ್ದ. "ಏನತ್ತಿಗೆ, ನಮ್ಮೋಳು ಡಾಕ್ಟ್ರಾಗ್ಬುಟ್ಳಂತೆ! ಇನ್ಮ್ಯಾಕೆ ಮುದ್ದೆ ಇಕ್ಬೇಕಾದ್ರೂ ಟಿವಿ ನೋಡ್ಕಂಡೇ ಇಕ್ತಾಳೆ ಕಣತ್ತಿಗೆ!"

"ಇಕ್ಕಿದ್ದ ಉಂಡ್ಕಂಡು ಬಿದ್ದಿರು. ನಿಂಗೂ ಮೂರು ತೂತು ಹಾಕಿಸ್ಬೇಕು" ಎಂದೆ.

"ನಂಗ್ಯಾಕೆ ತೂತು, ನನ್ ಬಾಯೇ ಸಾಲ್ದಾ?" ಎಂದು ಅವನೇ ನಕ್ಕ. ಅವನ ನಗೆಗೂ ನನಗೆ ಉರಿಯಿತು.

ಎರಡನೇ ಪರೀಕ್ಷೆ ಬಂತು. ಕ್ಯಾಮೆರಾ ಅಲುಗಲಿಲ್ಲ. ಹೊಲಿಗೆ ಸರಿಯಾಗಿಯೇ ಬಿತ್ತು. ಆದರೆ ಕೊನೆಯಲ್ಲಿ ಎರಡೂ ತುದಿ ಹಿಡಿದು ಎಳೆದು ತೋರಿಸಬೇಕು, ಗಂಟು ಬಿಚ್ಚಬಾರದು. ಎಳೆದಳು. ರೇಷ್ಮೆಯ ಕಪ್ಪು ದಾರ, ನುಣ್ಣಗೆ ಜಾರಿತು. ಎರಡನೇ ಅವಕಾಶವೂ ಹೋಯಿತು. ಫೋನಿನಲ್ಲಿ ಅವಳ ತಾಯಿಗೆ, "ಮಳ್ಳೀ ಪೋಯಿಂದಮ್ಮಾ" ಎಂದು ಅತ್ತಳು. ಮತ್ತೆ ಹೋಯಿತು ಎಂಬಷ್ಟು ತೆಲುಗು ನನಗೂ ತಿಳಿಯುತ್ತದೆ. ಉಳಿದದ್ದು ಒಂದೇ ಅವಕಾಶ, ಹತ್ತು ದಿನ ಬಿಟ್ಟು ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ.

ಆ ಹತ್ತು ದಿನ ನನ್ನ ತಲೆಯಲ್ಲಿ ಒಂದೇ ಮಾತು: ದಾರ ಜಾರಿತು. ದಾರ ಜಾರದ ಹಾಗೆ ಮಾಡುವುದು ಈ ಬೀದಿಯಲ್ಲಿ ಯಾರಿಗೆ ಗೊತ್ತು? ಕ್ಯಾತಮ್ಮನಿಗೆ ಗೊತ್ತಿಲ್ಲ. ಅವಳು ಒಂದು ದಿನವೂ ಗಂಜಿ ಕಾಯಿಸಿದವಳಲ್ಲ. ಅತ್ತೆ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ತಳ ಹಿಡಿಸುತ್ತಾಳೆಂದು.

ಅದು ಹುಣಸೆಹಣ್ಣು ಬಡಿಯುವ ಕಾಲ. ಹಿತ್ತಲಲ್ಲಿ ಬೀಜದ ರಾಶಿ ಇತ್ತು. ಒಂದು ಹಿಡಿ ಹುರಿದೆ, ಸಿಪ್ಪೆ ತೆಗೆದೆ, ಒಂದು ದಿನ ನೆನೆಸಿದೆ, ಒರಳಿಗೆ ಹಾಕಿ ನುಣ್ಣಗೆ ರುಬ್ಬಿದೆ. ಶನಿವಾರ ಬೆಳಿಗ್ಗೆ ಡಾಕ್ಟರಮ್ಮ ಆಸ್ಪತ್ರೆಗೆ ಹೋದ ಮೇಲೆ ಗಂಜಿ ಕಾಯಿಸಿ, ಕಂಬಳಿಯ ದಾರಕ್ಕಿಂತ ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿದೆ. ಮೇಲಿನ ಕೋಣೆಯ ಇನ್ನೊಂದು ಕೀಲಿಕೈ ನನ್ನ ಹತ್ತಿರ ಇತ್ತು, ಕಸ ಗುಡಿಸಲು ಕೊಟ್ಟಿದ್ದು.

ಪರೀಕ್ಷೆಗೆ ಕಳಿಸಿದ ಆರು ದಾರಗಳನ್ನು ಅವಳು ಹಿಂದಿನ ದಿನವೇ ಕವರಿನಿಂದ ತೆಗೆದು, ಸುರುಳಿ ಬಿಡಲೆಂದು, ಥರ್ಮಾಕೋಲಿನ ಮೇಲೆ ಸಾಲಾಗಿ ಗುಂಡುಸೂಜಿ ಚುಚ್ಚಿ ಎಳೆದಿಟ್ಟಿದ್ದಳು. ಪ್ರತಿಯೊಂದೂ ಗೇಣಿಗಿಂತ ಚೂರು ಕಡಿಮೆ, ಒಂದು ತುದಿಗೆ ಬಾಗಿದ ಸೂಜಿ. ಎಡದಿಂದ ಶುರು ಮಾಡಿದೆ. ಎರಡು ಬೆರಳ ನಡುವೆ ಗಂಜಿ ಹಿಡಿದು, ಒಂದೇ ಎಳೆತ, ಮತ್ತೆ ಒಣಬೆರಳಿನಿಂದ ಒಂದು ಎಳೆತ. ಉಂಡೆ ನಿಲ್ಲಬಾರದು. ನಾಲ್ಕು ಮುಗಿಯಿತು. ಅಷ್ಟರಲ್ಲಿ ಹೊರಗೆ ಗೇಟಿನ ಸದ್ದಾಯಿತು, ಕೊನೆಯ ಎರಡನ್ನು ಬಿಟ್ಟು ಇಳಿದೆ. ಬಂದದ್ದು ಹಾಲಿನವಳು. ಮತ್ತೆ ಹತ್ತಲು ಧೈರ್ಯ ಸಾಲಲಿಲ್ಲ.

ಯಾಕೆ ಮಾಡಿದೆ ಎಂದರೆ ಆ ಹುಡುಗಿ ಪಾಸಾಗಲಿ ಎಂದು. ಅದು ನಿಜ. ಪಾಸಾದ ಮೇಲೆ ಮೆಲ್ಲಗೆ ಹೋಗಿ, ಗಂಟು ನಿಂತದ್ದು ಯಾಕೆ ಗೊತ್ತೇನಮ್ಮ, ಬೆಳಕಿನಿಂದಲ್ಲ, ನನ್ನ ಗಂಜಿಯಿಂದ ಎಂದು ಹೇಳಬೇಕು ಅಂತಲೂ ಇತ್ತು. ಅದೂ ನಿಜ. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಿ ನೋಡಿಲ್ಲ.

ಭಾನುವಾರ ಹತ್ತು ಗಂಟೆ. ಡಾಕ್ಟರಮ್ಮ ಸ್ನಾನ ಮಾಡಿ, ಕೂದಲು ಕಟ್ಟಿ ನಿಂತಿದ್ದಳು. ಕ್ಯಾತಮ್ಮ ಸ್ಟೂಲಿನ ಮೇಲೆ ಕೂತು ಕ್ಯಾಮೆರಾ ಹಿಡಿದಿದ್ದಳು. ನಾನು ಬಾಗಿಲಲ್ಲಿ. ಮೇಷ್ಟ್ರು, "ಶುರು ಮಾಡಿ" ಎಂದರು. ಪರದೆಯ ಮೂಲೆಯಲ್ಲಿ ಗಡಿಯಾರ ಓಡತೊಡಗಿತು.

ಅವಳು ಎಡಗಡೆಯ ಮೊದಲನೇ ದಾರವನ್ನು ಇಕ್ಕಳದಲ್ಲಿ ಹಿಡಿದು ಒಳಗಿಳಿಸಿದಳು. ಸೂಜಿ ಸೀಳಿನ ಎರಡೂ ಬದಿ ದಾಟಿತು. ನನ್ನ ಎದೆ ಹಿಗ್ಗಿತು. ಆಮೇಲೆ ಗಂಟಿಗೆ ದಾರವನ್ನು ಇಕ್ಕಳದ ಸುತ್ತ ಸುತ್ತಬೇಕು. ದಾರ ಸುತ್ತಲಿಲ್ಲ. ಕಡ್ಡಿಯ ಹಾಗೆ ನೆಟ್ಟಗೆ ನಿಂತಿತು. ಬಾಗಿಸಿದರೆ ಬಾಗಿ, ಬಿಟ್ಟರೆ ಮತ್ತೆ ಎದ್ದು ನಿಂತಿತು. ಕಂಬಳಿಯ ಮಗ್ಗದಲ್ಲಿ ಗಂಟನ್ನು ಬೆರಳು ಹಾಕುತ್ತದೆ, ಬೆರಳು ದಾರವನ್ನು ಮಣಿಸುತ್ತದೆ. ಇಲ್ಲಿ ಕಬ್ಬಿಣದ ತುದಿ ಹಾಕುತ್ತದೆ. ಅದು ನನಗೆ ಹೊಳೆದಿರಲೇ ಇಲ್ಲ.

"ದಾರ ಏನಾಗಿದೆ?" ಎಂದರು ಮೇಷ್ಟ್ರು. "ಬೇಕಾದರೆ ಬದಲಾಯಿಸಿ. ಗಡಿಯಾರ ನಿಲ್ಲಿಸಲ್ಲ."

ಎರಡನೆಯದನ್ನು ತೆಗೆದುಕೊಂಡಳು. ಅದೂ ಹಾಗೇ. ಐದು ನಿಮಿಷ ಹೋಗಿತ್ತು. ಅವಳ ಕೈ ಮೂರನೆಯ ದಾರದ ಕಡೆಗೆ ಹೋಯಿತು.

ಆಗ ಕ್ಯಾತಮ್ಮ ಮಾತಾಡಿದಳು. ನನ್ನ ಕಡೆ ತಿರುಗಲಿಲ್ಲ.

"ಡಾಕ್ಟ್ರವ್ವ, ಅದ ಮುಟ್ಬ್ಯಾಡ. ದಾರಕ್ಕೆ ಹುಣಸೆಬೀಜದ ಗಂಜಿ ಹಚ್ಚೈತೆ. ಜಾರ್ದಂಗಿರ್ಲಿ ಅಂತ ನಾನೇ ಹಚ್ಚಿದ್ದು. ತಪ್ಪಾಯ್ತು ಕಣವ್ವ."

"ಅವ್ವಾ! ಎಲ್ಲದಕ್ಕೂ ಹಚ್ಚಿದ್ರಾ?" ಎಂದಳು ಡಾಕ್ಟರಮ್ಮ.

ಕ್ಯಾತಮ್ಮ ಡಾಕ್ಟರಮ್ಮನ ಕಣ್ಣನ್ನೇ ನೋಡುತ್ತಾ ಕ್ಯಾಮೆರಾ ಹಿಡಿದಿದ್ದಳು.

ನನ್ನ ಮೈ ಉರಿದುಹೋಯಿತು. ನಾಚಿಕೆಯಿಂದ ಅಂದುಕೊಂಡರೆ ತಪ್ಪು. ಗಂಜಿಯನ್ನೂ ತೆಗೆದುಕೊಂಡಳಲ್ಲ! ಲಾಂದ್ರ ಹೋಯಿತು, ಕ್ಯಾಮೆರಾ ಹೋಯಿತು, ಅವ್ವ ಅನ್ನಿಸಿಕೊಳ್ಳುವುದೂ ಹೋಯಿತು, ಈಗ ನನ್ನ ಗಂಜಿಯೂ ಅವಳ ಹೆಸರಿಗೆ ಹೋಗುತ್ತಿದೆ. ನಾನು ಒಳಗೆ ನುಗ್ಗಿದೆ.

"ಸುಳ್ಳು! ಇವಳಿಗೆ ಗಂಜಿ ಕಾಯ್ಸಕ್ಕೆಲ್ಲಿ ಬತ್ತದೆ? ಮುಟ್ಟಿದ್ರೆ ತಳ ಹಿಡುಸ್ತಾಳೆ. ನಾನ್ ಹಚ್ಚಿದ್ದು ಕಣಮ್ಮ, ಎಡ್ಗಡೆ ನಾಕಕ್ಕೆ. ಬಲ್ಗಡೆ ಎರಡು ಮುಟ್ಟಿಲ್ಲ. ಅದ ತಗ!"

ಡಾಕ್ಟರಮ್ಮ ನನ್ನನ್ನು ನೋಡಲಿಲ್ಲ. ಅದಕ್ಕೆ ಪುರುಸೊತ್ತಿರಲಿಲ್ಲ. ಬಲಗಡೆಯ ಕೊನೆಯ ದಾರ ತೆಗೆದಳು. ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಸೂಜಿ ಒಳಗೆ, ಆಚೆ, ಈಚೆ. ಮೊದಲನೇ ಸುತ್ತು ಕೂತಿತು. ತುದಿಯನ್ನು ಗಿಡ್ಡಕ್ಕೆ ಬಿಟ್ಟಿದ್ದಳು, ನಾನು ಹೇಳುತ್ತಿದ್ದ ಹಾಗೆ. ಎರಡನೆಯದು. ಮೂರನೆಯದು. ಎರಡೂ ತುದಿ ಹಿಡಿದು ಎಳೆದಳು. ನಿಂತಿತು. ಇನ್ನೂ ಇಪ್ಪತ್ತೆರಡು ಸೆಕೆಂಡು ಬಾಕಿ ಇತ್ತು.

ಇಷ್ಟರಲ್ಲಿ ಒಂದು ವಿಷಯ ನಾನು ಗಮನಿಸಿದ್ದೆ. ಕ್ಯಾತಮ್ಮ ಸುಳ್ಳು ಹೇಳಿದಾಗಲೂ, ನಾನು ನುಗ್ಗಿ ಅರಚಿದಾಗಲೂ, ಪರದೆಯ ಚಿತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಮೇಷ್ಟ್ರು ಅಂಕ ನೋಡಿಕೊಂಡು ಹೇಳಿದರು. "ಎಪ್ಪತ್ತು ಬೇಕಿತ್ತು, ಎಪ್ಪತ್ತಮೂರು ಬಂದಿದೆ. ಪಾಸು. ಅಲ್ಲಿ ಯಾರೋ ಜಗಳ ಆಡ್ತಿದ್ರು, ಆ ಗಲಾಟೆಯಲ್ಲೂ ಹೀಗೆ ಕ್ಯಾಮೆರಾ ಹಿಡಿದವರು ಯಾರು? ನನ್ನ ಆಪರೇಷನ್ ಥಿಯೇಟರಿಗೆ ಕಳಿಸಿ ಅವರನ್ನ."

ಪಾಸಾದದ್ದು ಡಾಕ್ಟರಮ್ಮ. ಹೊಗಳಿಕೆ ಕ್ಯಾತಮ್ಮನಿಗೆ. ಯಾರೋ ಎನ್ನಿಸಿಕೊಂಡದ್ದು ನಾನು.

ಪರದೆ ಆರಿದ ಮೇಲೆ ಡಾಕ್ಟರಮ್ಮ ಕೂತಳು. ಕೂಗಾಡಲಿಲ್ಲ. "ಓನರಮ್ಮ, ನಿಮ್ಮ ಮನಸ್ಸು ನಂಗೆ ಅರ್ಥ ಆಗುತ್ತೆ. ಆದ್ರೆ ಇದು ರಬ್ಬರ್. ನಾಳೆ ಇಲ್ಲಿ ಒಂದು ಜೀವ ಇರುತ್ತೆ. ಹೇಳದೆ ಏನನ್ನೂ ಮುಟ್ಟಬಾರದು" ಎಂದಳು. ಎರಡನೇ ಕೀಲಿಕೈ ಕೊಡಿ ಎಂದು ಕೈ ಚಾಚಿದಳು. ಕೊಟ್ಟೆ. ಸಂಜೆ ನೋಡಿದರೆ ಅದು ಕ್ಯಾತಮ್ಮನ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿತ್ತು. ನನ್ನ ಮನೆಯ ಕೀಲಿ.

ಮೂರು ದಿನ ಕ್ಯಾತಮ್ಮನ ಜೊತೆ ಮಾತು ಬಿಟ್ಟೆ. ನಾಲ್ಕನೇ ದಿನ ಅವಳು ಮೆಟ್ಟಿಲು ಇಳಿಯುವಾಗ ಕೆಳಗಿನ ಮೆಟ್ಟಿಲಿಗೆ ಅಡ್ಡ ಕೂತೆ.

"ನೀನ್ಯಾಕೆ ನಾನ್ ಹಚ್ಚಿದ್ದು ಅಂತ ಹೇಳ್ದೆ? ದೊಡ್ಡೋಳು ಅನ್ನಿಸ್ಕಳಕಾ?"

ಅವಳು ನನ್ನ ಮೇಲಿನ ಮೆಟ್ಟಿಲಲ್ಲಿ ಕೂತಳು. "ಮೊದ್ಲ್ ದಾರಕ್ಕೇ ವಾಸ್ನೆ ಬಂತು ಕಣಕ್ಕ. ಇನ್ಯಾರ್ ಕಾಯಿಸ್ತಾರೆ ಅಂಗೆ, ಹೊಗೆ ವಾಸ್ನೆ ಇಲ್ದಂಗೆ? ನಿಂದೇ ಅಂತ ಗೊತ್ತಾಯ್ತು."

"ಮತ್ತೆ ಗಂಗಕ್ಕ ಹಚ್ಚವ್ಳೆ ಅನ್ಬೇಕಾಗಿತ್ತು."

"ಅಂದಿದ್ರೆ ನೀನು ಇಲ್ಲ ಅಂತಿದ್ದೆ. ಇಲ್ಲ ಅಂದ್ಬುಟ್ರೆ ಯಾವ್ದಾದ್ರೂ ಹಚ್ದೆ ಉಳ್ದದಾ ಅಂತ ಹೆಂಗ್ ಗೊತ್ತಾಗದು? ಟೈಮ್ ಎಲ್ಲಿತ್ತು? ನಂದು ಅಂದೆ. ನಂದು ಅಂದ್ರೆ ನೀನ್ ಸುಮ್ಕಿರ್ತೀಯಾ ಅಕ್ಕ?"

ಅವಳು ನಕ್ಕಳು. ಕುಹಕದ ನಗೆಯಲ್ಲ, ಕುರಿ ಸಲೀಸಾಗಿ ಈದಾಗ ನಗುವಂಥ ನಗೆ.

ನನ್ನ ಹೊಟ್ಟೆಕಿಚ್ಚು ಯಾರಿಗೂ ತಿಳಿಯದ ಹಾಗೆ ಮುಚ್ಚಿಟ್ಟುಕೊಂಡಿದ್ದೇನೆ ಎಂದು ನಲವತ್ತೊಂಬತ್ತು ವರ್ಷ ನಂಬಿದ್ದೆ. ಅವಳು ಮೊದಲಿನಿಂದ ಬಲ್ಲಳು. ಬಲ್ಲದ್ದಷ್ಟೇ ಅಲ್ಲ, ನಾನು ಎತ್ತ ತಿರುಗುತ್ತೇನೆ ಎಂದು ಗೊತ್ತಿದ್ದು ಅಲ್ಲಿಗೆ ಮೊದಲೇ ಹೋಗಿ ನಿಂತಿದ್ದಳು.

ಡಾಕ್ಟರಮ್ಮ ಹದಿನೈದು ದಿನದ ಕಲಿಕೆ ಮುಗಿಸಿ ಬಂದಿದ್ದಾಳೆ. ಈಗ ಮುಂದಿನ ಹಂತದ ಪಾಠವಂತೆ, ಪೆಟ್ಟಿಗೆಯೊಳಗೆ ಈಗ ರಬ್ಬರಿನ ಪಿತ್ತಕೋಶ ಬಂದಿದೆ. ಎರಡು ಗಂಟೆಗೆ ಕ್ಯಾತಮ್ಮ ಹತ್ತುತ್ತಾಳೆ. ಕಾಫಿ ಒಯ್ಯುತ್ತೇನೆ, ಎರಡೇ ಲೋಟ.

ಇಷ್ಟು ಬರೆದು ಮುಗಿಸಿ ನಿನ್ನೆ ಮಧ್ಯಾಹ್ನ ಕ್ಯಾತಮ್ಮನನ್ನು ಕೂರಿಸಿಕೊಂಡು ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ಟಗರು ಗುದ್ದಿದ್ದನ್ನೂ, ತಳ ಹಿಡಿಸುವುದನ್ನೂ, ಉರಿದದ್ದನ್ನೂ ಓದಿದೆ. ಅವಳು ಗೋಡೆಗೆ ಒರಗಿ ನನ್ನ ಮುಖ ನೋಡುತ್ತಾ ಕೇಳಿದಳು. ಮುಗಿದ ಮೇಲೆ ಹೇಳಿದಳು:

"ಎಲ್ಲಾ ಸರಿಯಾಗೈತೆ. ಒಂದ್ ಬುಟ್ಬುಟ್ಟೆ ಕಣಕ್ಕ. ದಿನಾ ಬೆಳಗ್ಗೆ ಲಾಂದ್ರದ ಗಾಜು ಬೂದಿ ಹಾಕಿ ಒರುಸ್ತಿದ್ದೋಳು ನೀನು. ಗಾಜು ಮಸಿ ಹಿಡ್ದಿದ್ರೆ ನಾನ್ ಹೆಂಗ್ ಹಿಡುದ್ರೇನು, ಬೆಳಕೆಲ್ಲಿ ಬರ್ತಿತ್ತು?"

ಒರೆಸುತ್ತಿದ್ದೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಒರೆಸಿದೆ. ನನಗೇ ಮರೆತಿತ್ತು, ಅವಳಿಗೆ ನೆನಪಿತ್ತು. ಅದಕ್ಕೂ ಒಂದಿಷ್ಟು ಉರಿಯಿತು. ಆದರೂ ಬರೆದಿದ್ದೇನೆ.